ಕೆಲ್ಸ ಬಿಡ್ದೆ ಫಿಸಿಕ್ಸ್ ಡಿಗ್ರಿ: ಕ್ಯಾಲಿಫೋರ್ನಿಯಾದ ಕಮ್ಯುನಿಟಿ ಕಾಲೇಜಿಂದ ಶುರು ಮಾಡೋದು ಹೇಗೆ

ಪಿಯುಸಿಲಿ ಫಿಸಿಕ್ಸ್ ಅಂದ್ರೆ ಪ್ರಾಣ, ಆದ್ರೆ ಮನೇಲಿ ಇಂಜಿನಿಯರಿಂಗ್ ಸೇರು ಅಂದ್ರು, ಇಲ್ಲಾ ಬಿಕಾಂ ಸಾಕು ಅಂದ್ರು, ಆಮೇಲೆ ಕೆಲ್ಸ, ಮದ್ವೆ, ವೀಸಾ, ಈಗ ಫ್ರೀಮಾಂಟಲ್ಲೋ ಸನ್ನಿವೇಲಲ್ಲೋ ಮನೆ. ಈ ಥರದೋರು ಬೇ ಏರಿಯಾದಲ್ಲಿ ಬೇಕಾದಷ್ಟು ಜನ ಇದಾರೆ, ಕನ್ನಡ ಕೂಟದಲ್ಲಿ ಊಟಕ್ಕೆ ಕೂತಾಗ ಬ್ಲ್ಯಾಕ್ ಹೋಲ್ ಮಾತು ಬಂದ್ರೆ ಸಾಕು ಗೊತ್ತಾಗಿಬಿಡುತ್ತೆ ಯಾರ್ಯಾರು ಅಂತ. ಅವರಿಗೋಸ್ಕರ ಇದು. ಕ್ಯಾಲಿಫೋರ್ನಿಯಾ ಲೆಕ್ಕದಲ್ಲೇ ಬರೀತಿದೀನಿ, ಬೇರೆ ಸ್ಟೇಟಲ್ಲಿ ಇರೋರಿಗೆ ರೂಲ್ಸ್ ಬೇರೆ ಇರುತ್ತೆ ಆದ್ರೆ ಯೋಚ್ನೆ ಮಾಡೋ ದಾರಿ ಹೆಚ್ಚುಕಮ್ಮಿ ಇದೇ.

ಇಲ್ಲಿ ಕಮ್ಯುನಿಟಿ ಕಾಲೇಜು ಅಂದ್ರೆ ಡಿಗ್ರಿಯ ಮೊದಲ ಎರಡು ವರ್ಷದ ಪಾಠವನ್ನ ಕಡಿಮೆ ಫೀಸಲ್ಲಿ ಹೇಳ್ಕೊಡೋ ಸರ್ಕಾರಿ ಕಾಲೇಜು. ಸ್ಟೇಟಲ್ಲಿ ಒಟ್ಟು 116 ಇವೆ. ಎಂಟ್ರೆನ್ಸ್ ಇಲ್ಲ, ಕಟ್ ಆಫ್ ಇಲ್ಲ, ವಯಸ್ಸು ಕೇಳಲ್ಲ, ಅಪ್ಲಿಕೇಶನ್ ಫ್ರೀ. ಎರಡು ವರ್ಷದ ಕೋರ್ಸ್ ಮುಗಿಸ್ಕೊಂಡು ಆಮೇಲೆ ಯೂಸಿ (ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ) ಅಥವಾ ಸಿಎಸ್‌ಯು (ಕ್ಯಾಲಿಫೋರ್ನಿಯಾ ಸ್ಟೇಟ್ ಯೂನಿವರ್ಸಿಟಿ) ಕ್ಯಾಂಪಸ್ಸಿಗೆ ಟ್ರಾನ್ಸ್‌ಫರ್ ಆಗಿ ಉಳಿದ ಎರಡು ವರ್ಷದ್ದು ಅಲ್ಲಿ ಮುಗಿಸೋದು. ಪಾರ್ಟ್ ಟೈಮ್ ಮಾಡಿದ್ರೆ ಈ ಎರಡು ಪ್ಲಸ್ ಎರಡು ಅನ್ನೋದು ನಾಲ್ಕು ಪ್ಲಸ್ ನಾಲ್ಕು ಆಗುತ್ತೆ, ಅದನ್ನ ಮೊದ್ಲೇ ಹೇಳ್ಬಿಡ್ತೀನಿ.

ಮೊದ್ಲು ನೋಡ್ಬೇಕಾದ್ದು: ನಿಮ್ಮ ಹತ್ರ ಆಗ್ಲೇ ಒಂದು ಡಿಗ್ರಿ ಇದೆಯಾ?

ಇದನ್ನ ಕೇಳದೇನೇ ಎಷ್ಟೋ ಜನ ಪ್ಲಾನ್ ಹಾಕ್ತಾರೆ. ಬಿಇ, ಬಿಎಸ್ಸಿ, ಬಿಕಾಂ ಯಾವ್ದೇ ಆಗ್ಲಿ ಒಂದು ಬ್ಯಾಚುಲರ್ಸ್ ಆಗ್ಲೇ ಮುಗ್ಸಿದ್ರೆ ಯೂಸಿ ಕ್ಯಾಂಪಸ್‌ಗಳು ಸಾಮಾನ್ಯವಾಗಿ ಎರಡನೇ ಬ್ಯಾಚುಲರ್ಸಿಗೆ ತಗೊಳ್ಳಲ್ಲ, ಸಿಎಸ್‌ಯುಲೂ ಬಹಳ ಕ್ಯಾಂಪಸ್‌ಗಳಲ್ಲಿ ಆ ಬಾಗಿಲು ಮುಚ್ಚಿರುತ್ತೆ, ತೆಗೆದಿದ್ರೂ ಕೆಲವೇ ಕೋರ್ಸಿಗೆ. ಹಂಗಂತ ಬೇಜಾರ್ ಮಾಡ್ಕೋಬೇಡಿ, ನಿಮ್ಮ ದಾರಿ ಬೇರೆ ಅಷ್ಟೇ, ನನ್ ಪ್ರಕಾರ ಇನ್ನೂ ಚಿಕ್ಕದು. ಕಮ್ಯುನಿಟಿ ಕಾಲೇಜಲ್ಲಿ ಮ್ಯಾಥ್ಸು ಫಿಸಿಕ್ಸು ಮಾತ್ರ ತಗೊಳ್ಳಿ, ಇಂಗ್ಲಿಷು ಹಿಸ್ಟರಿ ಎಲ್ಲಾ ಬಿಡಿ. ಅದಾದ್ಮೇಲೆ ಸ್ಯಾನ್ ಹೋಸೆ ಸ್ಟೇಟ್ ಥರದ ಸಿಎಸ್‌ಯು ಕ್ಯಾಂಪಸ್‌ನ ಓಪನ್ ಯೂನಿವರ್ಸಿಟಿ ಮೂಲಕ ಅಡ್ಮಿಷನ್ ಇಲ್ದೇನೇ ಮೂರನೇ ನಾಲ್ಕನೇ ವರ್ಷದ ಫಿಸಿಕ್ಸ್ ಕ್ಲಾಸ್ ತಗೋಬಹುದು, ಸೀಟ್ ಉಳಿದಿದ್ರೆ ಮತ್ತು ಪಾಠ ಮಾಡೋರು ಒಪ್ಪಿದ್ರೆ. ಬರ್ಕ್ಲಿಲೂ ಎಕ್ಸ್‌ಟೆನ್ಷನ್ ಮೂಲಕ ಇಂಥದ್ದೇ ಒಂದು ವ್ಯವಸ್ಥೆ ಇದೆ. ಹೀಗೆ ಕೆಲವು ಕೋರ್ಸ್ ಒಳ್ಳೆ ಗ್ರೇಡಲ್ಲಿ ಮುಗ್ಸಿ ನೇರ ಎಂಎಸ್ ಫಿಸಿಕ್ಸಿಗೆ ಅಪ್ಲೈ ಮಾಡೋದು. ಸ್ಯಾನ್ ಹೋಸೆ ಸ್ಟೇಟಲ್ಲೂ ಸ್ಯಾನ್ ಫ್ರಾನ್ಸಿಸ್ಕೋ ಸ್ಟೇಟಲ್ಲೂ ಎಂಎಸ್ ಫಿಸಿಕ್ಸ್ ಇದೆ. ಬಿಇ ಮಾಡಿರೋ ನೀವು ಮತ್ತೆ ಇಂಗ್ಲಿಷ್ ಕಾಂಪೊಸಿಷನ್ ಬರ್ಕೊಂಡು ಕೂರೋದು ಯಾಕೆ ಹೇಳಿ.

ಊರಲ್ಲಿ ಡಿಗ್ರಿ ಅರ್ಧಕ್ಕೆ ಬಿಟ್ಟಿದ್ರೆ ಎರಡನೇ ಡಿಗ್ರಿ ರೂಲು ನಿಮಗೆ ಬರಲ್ಲ, ಆದ್ರೆ ಅಪ್ಲಿಕೇಶನ್ನಲ್ಲಿ ಅಲ್ಲಿ ಓದಿದ್ದನ್ನ ಪೂರ್ತಿ ತೋರಿಸ್ಲೇಬೇಕು. ಆ ಮಾರ್ಕ್ಸ್ ಚೆನ್ನಾಗಿಲ್ಲ ಅಂತ ಮುಚ್ಚಿಡೋಕೆ ಹೋದ್ರೆ ಆಮೇಲೆ ಸಿಕ್ಕಿದ ಅಡ್ಮಿಷನ್ನೇ ಹೋಗ್ಬಹುದು.

ವೀಸಾ

ಚಿಕ್ಕದಾಗಿ ಹೇಳ್ತೀನಿ. ಎಚ್4 (ಎಚ್1ಬಿ ಕೆಲ್ಸದ ವೀಸಾ ಇರೋರ ಗಂಡ, ಹೆಂಡ್ತಿ, ಮಕ್ಳ ವೀಸಾ) ನಲ್ಲಿರೋರು ಓದೋಕೆ ಇಎಡಿ, ಅಂದ್ರೆ ಕೆಲ್ಸದ ಪರ್ಮಿಟ್ಟು, ಬೇಕಿಲ್ಲ, ಪಾರ್ಟ್ ಟೈಮ್ ಆದ್ರೂ ಸರಿ ಫುಲ್ ಟೈಮ್ ಆದ್ರೂ ಸರಿ. ಎಚ್1ಬಿ ನಲ್ಲಿರೋರು ಕೆಲ್ಸ ಮಾಡ್ಕೊಂಡೇ ಪಾರ್ಟ್ ಟೈಮ್ ಓದಬಹುದು. ಎಫ್1 ಸ್ಟೂಡೆಂಟ್ ವೀಸಾ ಆದ್ರೆ ಫುಲ್ ಟೈಮ್ ಓದ್ಲೇಬೇಕು, ಸೆಮಿಸ್ಟರಿಗೆ 12 ಯೂನಿಟ್ (ಯೂನಿಟ್ ಅನ್ನೋದು ಕೋರ್ಸಿನ ಅಳತೆ, ಕ್ರೆಡಿಟ್ ಥರ), ಅಂದ್ರೆ ಈ ಲೇಖನದ ಪ್ಲಾನ್ ಅವರಿಗೆ ಆಗಲ್ಲ. ಬಿ1, ಬಿ2 ವಿಸಿಟರ್ ವೀಸಾದಲ್ಲಿ ಬಂದಿರೋ ಅತ್ತೆ ಮಾವಂಗೆ ಸೇರಿಸೋಕೆ ಆಗಲ್ಲ. ಇನ್ನೊಂದು, ಎಚ್4 ಮಕ್ಳಿಗೆ 21 ಆದ್ರೆ ಆ ಸ್ಟೇಟಸ್ ಮುಗೀತು, ಬಹಳಷ್ಟು ಮಕ್ಳು ಆಗ ಎಫ್1ಗೆ ಹೋಗ್ತಾರೆ, ಅಲ್ಲಿಗೆ ಪಾರ್ಟ್ ಟೈಮೂ ಮುಗೀತು. ಹಾಗಾಗಿ ಮಕ್ಳಿಗೆ ಈ ನಿಧಾನದ ದಾರಿ ಹೇಳೋಕೆ ಮುಂಚೆ ಕ್ಯಾಲೆಂಡರ್ ನೋಡಿ.

ಫೀಸು ರೆಸಿಡೆಂಟ್ ಹೌದೋ ಅಲ್ವೋ ಅನ್ನೋದ್ರ ಮೇಲೆ ನಿಂತಿದೆ. ಕ್ಯಾಲಿಫೋರ್ನಿಯಾದಲ್ಲಿ ಒಂದು ವರ್ಷ ಒಂದು ದಿನ ಇದ್ದು, ಇಲ್ಲೇ ಇರ್ತೀವಿ ಅಂತ ತೋರ್ಸೋ ಕಾಗದ ಪತ್ರ, ಅಂದ್ರೆ ಸ್ಟೇಟ್ ಟ್ಯಾಕ್ಸ್ ಫೈಲಿಂಗು, ಡ್ರೈವಿಂಗ್ ಲೈಸೆನ್ಸು, ಮನೆ ಲೀಸು, ಇಟ್ಕೊಂಡಿದ್ರೆ ಎಚ್4, ಎಚ್1ಬಿ ಇರೋರಿಗೂ ರೆಸಿಡೆಂಟ್ ಫೀಸೇ ಸಿಗುತ್ತೆ. ಸೆಮಿಸ್ಟರ್ ಕಾಲೇಜಲ್ಲಿ ಯೂನಿಟ್‌ಗೆ 46 ಡಾಲರ್, ಡಿ ಆಂಜಾ, ಫುಟ್‌ಹಿಲ್ ಥರ ಕ್ವಾರ್ಟರ್ ಕಾಲೇಜಲ್ಲಿ (ಅಲ್ಲಿ ಸೆಮಿಸ್ಟರಿಗಿಂತ ಚಿಕ್ಕ ಟರ್ಮು) 31 ಡಾಲರ್. ಅಂದ್ರೆ 4 ಯೂನಿಟ್‌ನ ಒಂದು ಸೆಮಿಸ್ಟರ್ ಕ್ಯಾಲ್ಕುಲಸ್ 184 ಡಾಲರ್. ಇದರ ಜೊತೆ ಪಾರ್ಕಿಂಗು, ಹೆಲ್ತ್ ಫೀ ಅಂತ ಸ್ವಲ್ಪ ಸೇರುತ್ತೆ. ನಾನ್ ರೆಸಿಡೆಂಟ್ ಆದ್ರೆ ಇದರ ಹಲವು ಪಟ್ಟು, ಆ ಒಂದು ವರ್ಷ ತುಂಬೋವರೆಗೆ ಕಾಯೋದೇ ಜಾಣತನ, ಅಷ್ಟ್ರಲ್ಲಿ ಮ್ಯಾಥ್ಸ್ ರಿವಿಷನ್ ಮಾಡ್ಕೊಳ್ಳಿ.

ಕೊನೆಯಿಂದ ಹಿಂದಕ್ಕೆ ಪ್ಲಾನ್ ಮಾಡಿ

ಕಾಲೇಜಿಗೆ ಸೇರಿ ಆಮೇಲೆ ಎಲ್ಲಿ ಹೋಗೋದು ನೋಡೋಣ ಅನ್ನೋದು ಸೈಕಾಲಜಿಗೋ ಬಿಸಿನೆಸ್ಸಿಗೋ ನಡೀಬಹುದು, ಫಿಸಿಕ್ಸಿಗೆ ನಡಿಯಲ್ಲ. ಮೊದ್ಲು ಎರಡು ಮೂರು ಯೂನಿವರ್ಸಿಟಿ ಗುರ್ತು ಹಾಕ್ಕೊಳ್ಳಿ. ಕೆಲ್ಸ, ಸಂಸಾರ ಇರೋರು ಮನೆಯಿಂದ ಓಡಾಡೋ ದೂರದಲ್ಲಿರೋದನ್ನೇ ಹಾಕ್ಕೊಳ್ಳಿ, ಬೇ ಏರಿಯಾ ಆದ್ರೆ ಸ್ಯಾನ್ ಹೋಸೆ ಸ್ಟೇಟ್, ಹೇವರ್ಡ್‌ನ ಈಸ್ಟ್ ಬೇ, ಸ್ಯಾನ್ ಫ್ರಾನ್ಸಿಸ್ಕೋ ಸ್ಟೇಟ್, ಬರ್ಕ್ಲಿ, ಗುಡ್ಡ ದಾಟಿ ಹೋಗೋಕೆ ರೆಡಿ ಇದ್ರೆ ಸ್ಯಾಂಟಾ ಕ್ರೂಜ್.

ಆಮೇಲೆ ಅಸಿಸ್ಟ್ ಡಾಟ್ ಆರ್ಗ್ ಓಪನ್ ಮಾಡಿ. ಇದು ಸ್ಟೇಟಿನ ಅಧಿಕೃತ ಸೈಟು, ಯಾವ ಕಮ್ಯುನಿಟಿ ಕಾಲೇಜಿನ ಯಾವ ಕೋರ್ಸು ಯಾವ ಯೂನಿವರ್ಸಿಟಿಯ ಯಾವ ಕೋರ್ಸಿಗೆ ಸಮ ಅಂತ ಇಲ್ಲಿ ಇರುತ್ತೆ. ನಿಮ್ಮ ಕಾಲೇಜು, ಹೋಗ್ಬೇಕಿರೋ ಯೂನಿವರ್ಸಿಟಿ, ಮೇಜರ್ (ಡಿಗ್ರಿಯ ಮುಖ್ಯ ವಿಷ್ಯ) ಫಿಸಿಕ್ಸ್ ಅಂತ ಆರಿಸಿದ್ರೆ ಒಂದು ಪೇಜ್ ಬರುತ್ತೆ, ಎಡಗಡೆ ಯೂನಿವರ್ಸಿಟಿ ಕೋರ್ಸು, ಬಲಗಡೆ ಅದಕ್ಕೆ ಸಮನಾದ ನಿಮ್ಮ ಕಾಲೇಜಿನ ಕೋರ್ಸು. ಈ ಪೇಜನ್ನ ನಿಧಾನಕ್ಕೆ ಓದಿ, ಸ್ಕ್ರೋಲ್ ಮಾಡ್ಕೊಂಡು ಓಡ್ಬೇಡಿ. ಬಲಗಡೆ ಎರಡು ಮೂರು ಕೋರ್ಸನ್ನ ಒಟ್ಟಿಗೆ ಕಟ್ಟಿ ಮಧ್ಯೆ 'ಆಂಡ್' ಅಂತ ಹಾಕಿರ್ತಾರೆ, ಅಂದ್ರೆ ಆ ಮೂರೂ ಮುಗ್ಸಿದ್ರೆ ಮಾತ್ರ ಎಡಗಡೆದು ಲೆಕ್ಕಕ್ಕೆ ಬರುತ್ತೆ, ಎರಡು ಮಾಡಿ ಬಂದ್ರೆ ಅರ್ಧ ಕ್ರೆಡಿಟ್ ಅಂತೇನೂ ಇಲ್ಲ. ಕೆಲವು ಕಡೆ 'ನೋ ಕೋರ್ಸ್ ಆರ್ಟಿಕ್ಯುಲೇಟೆಡ್' ಅಂತ ಇರುತ್ತೆ, ಅಂದ್ರೆ ನಿಮ್ಮ ಕಾಲೇಜಲ್ಲಿ ಅದಕ್ಕೆ ಸಮನಾದ ಕೋರ್ಸ್ ಇಲ್ಲ, ಅದನ್ನ ಯೂನಿವರ್ಸಿಟಿಗೆ ಹೋದ್ಮೇಲೆ ಮಾಡ್ಬೇಕು ಇಲ್ಲಾ ಬೇರೆ ಕಾಲೇಜಲ್ಲಿ ಹುಡುಕ್ಬೇಕು. ಕೆಮಿಸ್ಟ್ರಿ ಬೇಕಾ, ಪ್ರೋಗ್ರಾಮಿಂಗ್ ಬೇಕಾ ಅನ್ನೋದೂ ಇಲ್ಲೇ ಗೊತ್ತಾಗೋದು, ಒಂದೊಂದು ಕ್ಯಾಂಪಸ್ಸಿಗೆ ಒಂದೊಂದು ಥರ. ಆಯಾ ವರ್ಷದ ಪೇಜನ್ನ ಪಿಡಿಎಫ್ ಮಾಡಿ ಇಟ್ಕೊಳ್ಳಿ. ನಿಮ್ಮ ಪ್ಲಾನ್ ನಾಲ್ಕು ವರ್ಷ ಎಳೆಯೋದ್ರಿಂದ ನಡುವೆ ಬದಲಾಗೋ ಸಾಧ್ಯತೆ ಇದೆ, ಅದ್ರಲ್ಲೂ ಈಗ 2021ರ ಕಾನೂನಿನ ಪ್ರಕಾರ ಸ್ಟೇಟಿನ ಎಲ್ಲಾ ಕಮ್ಯುನಿಟಿ ಕಾಲೇಜಿಗೂ ಒಂದೇ ಕೋರ್ಸ್ ನಂಬರ್ ತರ್ತಿದಾರೆ, ನಂಬರ್ ಮುಂದೆ 'ಸಿ' ಅಂತ ಬರೋಕೆ ಶುರುವಾಗಿದೆ. ಹಾಗಾಗಿ ನಂಬರ್ ನೆಚ್ಕೋಬೇಡಿ, ಕೋರ್ಸಿನ ಹೆಸರು, ಸಿಲೆಬಸ್ ನೋಡಿ.

ಸರಪಳಿ: ಇದೊಂದು ಅರ್ಥ ಆದ್ರೆ ಮುಕ್ಕಾಲು ಕೆಲ್ಸ ಮುಗೀತು

ಟ್ರಾನ್ಸ್‌ಫರಿಗೆ 60 ಸೆಮಿಸ್ಟರ್ ಯೂನಿಟ್ ಬೇಕು, ಕ್ವಾರ್ಟರ್ ಲೆಕ್ಕದಲ್ಲಿ 90. ಬಹಳ ಜನ ಈ 60ನ್ನ ಮೂಟೆ ಥರ ನೋಡ್ತಾರೆ, ಹೆಂಗಾದ್ರೂ ತುಂಬಿದ್ರೆ ಆಯ್ತು ಅಂತ. ಕೌನ್ಸೆಲರ್‌ಗಳಲ್ಲೂ ಕೆಲವರು ಕೆಲ್ಸಕ್ಕೆ ಹೋಗೋರು ಬಂದ್ರೆ 'ಮೊದಲು ಸುಲಭದ ಜಿಇ ತಗೊಳ್ಳಿ' (ಜಿಇ ಅಂದ್ರೆ ಜನರಲ್ ಎಜುಕೇಷನ್, ಮೇಜರ್ ಯಾವ್ದೇ ಆದ್ರೂ ಓದ್ಬೇಕಾದ ಸಾಮಾನ್ಯ ವಿಷ್ಯ) ಅಂತ ಇಂಗ್ಲಿಷು ಆರ್ಟು ಸೋಷಿಯಾಲಜಿ ಕೊಟ್ಟು ಕಳಿಸ್ತಾರೆ. ಫಿಸಿಕ್ಸ್ ಮೇಜರಿಗೆ ಇದು ತಿರುವುಮುರುವು ಸಲಹೆ. 60ರಲ್ಲಿ ಸುಮಾರು 35 ಯೂನಿಟ್ ಒಂದರ ಹಿಂದೆ ಒಂದು ಬರಬೇಕಾದ ಮ್ಯಾಥ್ಸ್ ಮತ್ತು ಫಿಸಿಕ್ಸು, ಕ್ಯಾಲ್ಕುಲಸ್ 1 ಆಗ್ದೆ 2 ಇಲ್ಲ, ಕ್ಯಾಲ್ಕುಲಸ್ 1 ಆಗ್ದೆ ಮೆಕ್ಯಾನಿಕ್ಸ್ ಇಲ್ಲ, ಮೆಕ್ಯಾನಿಕ್ಸ್ ಆಗ್ದೆ ಎಲೆಕ್ಟ್ರಿಸಿಟಿ ಮ್ಯಾಗ್ನೆಟಿಸಂ ಇಲ್ಲ. ಜಿಇಗಳಿಗೆ ಇಂಥ ಸಾಲು ಇಲ್ಲ, ಯಾವಾಗ ಬೇಕಾದ್ರೂ, ಆನ್‌ಲೈನಲ್ಲೂ ಸಿಗುತ್ತೆ. ಎರಡು ವರ್ಷ ಬರೀ ಜಿಇ ಮುಗ್ಸಿ ಬಂದೋರಿಗೆ ಆಗ ಗೊತ್ತಾಗುತ್ತೆ, ಸರಪಳಿ ಪೂರ್ತಿ ಬಾಕಿ ಇದೆ, ಪಕ್ಕದಲ್ಲಿ ಇಟ್ಕೊಳ್ಳೋಕೆ ಹಗುರದ ಕೋರ್ಸ್ ಒಂದೂ ಉಳಿದಿಲ್ಲ ಅಂತ.

ಆದ್ದರಿಂದ ಮೊದಲ ಸೆಮಿಸ್ಟರಿಂದ್ಲೇ ಸರಪಳಿಯ ಒಂದು ಕೋರ್ಸು ಇರಲಿ, ಪ್ರತಿ ಸೆಮಿಸ್ಟರೂ ಒಂದು, ಒಂದೇ. ಒಂದು ಯೂನಿಟ್ ಅಂದ್ರೆ ಕ್ಲಾಸು ಹೋಮ್‌ವರ್ಕು ಎಲ್ಲಾ ಸೇರಿ ಕನಿಷ್ಠ 48 ಗಂಟೆ ಕೆಲ್ಸ ಅಂತ ಲೆಕ್ಕ. 4 ಯೂನಿಟ್ ಅಂದ್ರೆ 192 ಗಂಟೆ, 16 ವಾರಕ್ಕೆ ಹಂಚಿದ್ರೆ ವಾರಕ್ಕೆ 12 ಗಂಟೆ. ಅದೇ ಕೋರ್ಸನ್ನ 6 ವಾರದ ಸಮ್ಮರಲ್ಲಿ ತಗೊಂಡ್ರೆ ವಾರಕ್ಕೆ 32 ಗಂಟೆ, ಕೆಲ್ಸದ ಜೊತೆ ಅದು ಆಗೋ ಮಾತಲ್ಲ, ಸಮ್ಮರ್ ಏನಿದ್ರೂ ಜಿಇಗೆ.

ಸೆಮಿಸ್ಟರ್ ಕಾಲೇಜಿನ ಲೆಕ್ಕದಲ್ಲಿ ನಾನು ಹೀಗೆ ಹಾಕ್ತೀನಿ:

1ನೇ ವರ್ಷ: ಫಾಲ್ ಕ್ಯಾಲ್ಕುಲಸ್ 1, ಸ್ಪ್ರಿಂಗ್ ಕ್ಯಾಲ್ಕುಲಸ್ 2, ಸಮ್ಮರಲ್ಲಿ ಆನ್‌ಲೈನ್ ಇಂಗ್ಲಿಷ್.
2ನೇ ವರ್ಷ: ಫಾಲ್ ಕ್ಯಾಲ್ಕುಲಸ್ 3, ಸ್ಪ್ರಿಂಗ್ ಮೆಕ್ಯಾನಿಕ್ಸ್, ಜೊತೆಗೆ ಜಿಇ ಒಂದೆರಡು.
3ನೇ ವರ್ಷ: ಫಾಲ್ ಎಲೆಕ್ಟ್ರಿಸಿಟಿ ಮ್ಯಾಗ್ನೆಟಿಸಂ, ಸ್ಪ್ರಿಂಗ್ ಶಾಖ, ಅಲೆ, ಬೆಳಕು, ಮಾಡರ್ನ್ ಫಿಸಿಕ್ಸ್ ಇರೋ ಮೂರನೇ ಕೋರ್ಸು.
4ನೇ ವರ್ಷ: ಲೀನಿಯರ್ ಆಲ್ಜಿಬ್ರಾ, ಡಿಫರೆನ್ಷಿಯಲ್ ಈಕ್ವೇಷನ್ಸ್, ಉಳಿದ ಜಿಇ, ಮತ್ತು ಟ್ರಾನ್ಸ್‌ಫರ್ ಅಪ್ಲಿಕೇಶನ್.

ವರ್ಷಕ್ಕೆ 15 ಯೂನಿಟ್ ಆದ್ರೆ ನಾಲ್ಕು ವರ್ಷಕ್ಕೆ 60. ಕ್ಯಾಲ್ಕುಲಸ್ 3ನ್ನ ಎಲೆಕ್ಟ್ರಿಸಿಟಿ ಕೋರ್ಸಿಗೆ ಮುಂಚೆ ಹಾಕಿರೋದು ಬೇಕಂತಲೇ. ಕಾಲೇಜು ಕ್ಯಾಲ್ಕುಲಸ್ 2 ಸಾಕು ಅನ್ಬಹುದು, ಆದ್ರೆ ಗೌಸ್ ನಿಯಮದಲ್ಲಿ ಸರ್ಫೇಸ್ ಇಂಟಿಗ್ರಲ್ ಬಂದಾಗ ಅದನ್ನ ಮೊದಲೇ ನೋಡಿರೋರಿಗೂ ಅಲ್ಲೇ ಮೊದಲ ಸಲ ನೋಡೋರಿಗೂ ಅಜಗಜಾಂತರ.

ಇನ್ನೊಂದು ಗಟ್ಟಿ ಮಾತು, ಫಿಸಿಕ್ಸ್ ಸೀರೀಸನ್ನ ಒಂದೇ ಕಾಲೇಜಲ್ಲಿ ಮುಗ್ಸಿ. ಒಂದು ಕಾಲೇಜು ಥರ್ಮೋಡೈನಮಿಕ್ಸನ್ನ ಮೊದಲ ಕೋರ್ಸಲ್ಲಿ ಮುಗ್ಸಿರುತ್ತೆ, ಇನ್ನೊಂದು ಮೂರನೇದ್ರಲ್ಲಿ ಇಟ್ಟಿರುತ್ತೆ, ಡಿ ಆಂಜಾ ಥರ ಕ್ವಾರ್ಟರ್ ಕಾಲೇಜಲ್ಲಿ 4ಎ ಇಂದ 4ಡಿ ತನಕ ನಾಲ್ಕು ತುಂಡು ಇರುತ್ತೆ, ಸೆಮಿಸ್ಟರ್ ಕಾಲೇಜಲ್ಲಿ ಮೂರೇ ಇರಬಹುದು. ನಡುವೆ ಕಾಲೇಜು ಬದಲಿಸಿದ್ರೆ ಒಂದು ವಿಷ್ಯ ಎರಡು ಸಲ ಓದ್ತೀರ, ಇನ್ನೊಂದು ಪೂರ್ತಿ ತಪ್ಪಿಹೋಗುತ್ತೆ, ಮೇಲೆ ಹೇಳಿದ 'ಆಂಡ್' ಗಂಟೂ ಬಿಚ್ಚಿಹೋಗುತ್ತೆ. ಮ್ಯಾಥ್ಸಲ್ಲಿ ಇಷ್ಟು ತೊಂದ್ರೆ ಇಲ್ಲ, ಆದ್ರೂ ಕ್ವಾರ್ಟರಿಂದ ಸೆಮಿಸ್ಟರಿಗೆ ಹಾರೋವಾಗ ನೋಡ್ಕೊಂಡು ಹಾರಿ.

ಕಾಲೇಜ್ ಆರಿಸೋದು

ಹೆಸರು, ರ‍್ಯಾಂಕಿಂಗ್ ನೋಡ್ಬೇಡಿ. ಕಾಲೇಜಿನ ಸೈಟಲ್ಲಿ ಹಿಂದಿನ ಎರಡು ವರ್ಷದ ಕ್ಲಾಸ್ ಶೆಡ್ಯೂಲ್ ಸಿಗುತ್ತೆ, ಅದನ್ನ ತೆಗೆದು ಎರಡು ವಿಷ್ಯ ನೋಡಿ. ಒಂದು, ಫಿಸಿಕ್ಸ್ ಸೀರೀಸಿನ ಪ್ರತಿ ಕೋರ್ಸು ಪ್ರತಿ ಸೆಮಿಸ್ಟರ್ ಇದ್ಯಾ ಇಲ್ಲಾ ವರ್ಷಕ್ಕೊಂದೇ ಸಲನಾ. ಚಿಕ್ಕ ಕಾಲೇಜಲ್ಲಿ ಮೂರನೇ ಕೋರ್ಸು ವರ್ಷಕ್ಕೊಂದೇ ಸಲ ಇದ್ದು, ಆಫೀಸಲ್ಲಿ ರಿಲೀಸ್ ಇತ್ತು ಅಂತ ನೀವು ಅದನ್ನ ಬಿಟ್ರೆ ಇಡೀ ವರ್ಷ ಹೋಯ್ತು. ಎರಡು, ಸಂಜೆ ಸೆಕ್ಷನ್ ಇದ್ಯಾ. ಮ್ಯಾಥ್ಸ್ ಸಂಜೆಗೂ ಆನ್‌ಲೈನಲ್ಲೂ ಸಿಗುತ್ತೆ, ಫಿಸಿಕ್ಸ್ ಲ್ಯಾಬ್ ಹಂಗಲ್ಲ, ಖುದ್ದಾಗಿ ಹೋಗ್ಲೇಬೇಕು.

ಲ್ಯಾಬ್ ಹೇಗಿರುತ್ತೆ ಅಂದ್ರೆ, ಸಂಜೆ ಆರಕ್ಕೆ ಆಫೀಸ್ ಬ್ಯಾಡ್ಜ್ ಕುತ್ತಿಗೇಲೇ ಇಟ್ಕೊಂಡು ಹೋಗ್ತೀರ, ಟೇಬಲ್ ಮೇಲೆ ಏರ್ ಟ್ರ್ಯಾಕು, ಅದರ ಮೇಲೆ ಚಿಕ್ಕ ಗಾಡಿ, ಎರಡು ಫೋಟೋಗೇಟು, ಪಾರ್ಟ್ನರ್ ಹೈಸ್ಕೂಲ್ ಈಗಷ್ಟೇ ಮುಗಿಸಿದ ಹುಡುಗ. ಗಾಡಿ ತಳ್ಳಿದ್ರೆ ಮುಗೀಲಿಲ್ಲ, ಅದೇ ಅಳತೆ ಹತ್ತು ಸಲ ತಗೊಂಡು ಎರರ್ ಎಷ್ಟು, ಯಾಕೆ ಬಂತು ಅಂತ ಬರೆದು ಒಂಬತ್ತರ ಹೊತ್ತಿಗೆ ನೋಟ್‌ಬುಕ್ಕಿಗೆ ಸಹಿ ಹಾಕ್ಸ್ಕೊಂಡು ಬರ್ಬೇಕು. ನಮ್ಮ ಪಿಯುಸಿ ಲ್ಯಾಬ್ ಥರ ರೆಕಾರ್ಡ್ ಬುಕ್ಕಲ್ಲಿ ಮೊದ್ಲೇ ಉತ್ತರ ಬರ್ಕೊಂಡು ರೀಡಿಂಗನ್ನ ಅದಕ್ಕೆ ಹೊಂದ್ಸೋ ವಿದ್ಯೆ ಇಲ್ಲಿ ನಡಿಯಲ್ಲ. ಲ್ಯಾಬ್ ತಪ್ಪಿಸಿದ್ರೆ ಬೇರೆ ದಿನ ಮಾಡೋ ಅವಕಾಶ ಸಿಗೋದು ಅಪರೂಪ, ಆನ್ ಕಾಲ್ ಡ್ಯೂಟಿ ಇರೋರು ಲ್ಯಾಬ್ ದಿನ ಸಹೋದ್ಯೋಗಿ ಜೊತೆ ಅದಲು ಬದಲು ಮಾಡ್ಕೊಳ್ಳೋಕೆ ಸೆಮಿಸ್ಟರ್ ಶುರುಲೇ ಮಾತಾಡಿಟ್ಕೊಳ್ಳಿ.

ಕ್ವಾರ್ಟರ್ ವರ್ಸಸ್ ಸೆಮಿಸ್ಟರ್ ಕೇಳೋರಿಗೆ: ಕ್ವಾರ್ಟರಲ್ಲಿ ಕೋರ್ಸ್ ಬೇಗ ಮುಗಿಯುತ್ತೆ, ಆದ್ರೆ ಮೂರನೇ ನಾಲ್ಕನೇ ವಾರಕ್ಕೆ ಮಿಡ್‌ಟರ್ಮು, ಒಂದು ವಾರ ಜ್ವರ ಬಂದ್ರೆ ಹಿಂದೆ ಬಿದ್ದ ಹಾಗೆ. ಮಕ್ಳಿರೋರಿಗೆ, ಆಫೀಸಲ್ಲಿ ಏನ್ ಯಾವಾಗ ಅಂತ ಗೊತ್ತಿಲ್ದೆ ಇರೋರಿಗೆ ಸೆಮಿಸ್ಟರೇ ವಾಸಿ ಅಂತೀನಿ.

ಮ್ಯಾಥ್ಸ್ ಮರೆತುಹೋಗಿದ್ರೆ

2017 ಮತ್ತು 2022ರ ಕಾನೂನು ಬಂದ್ಮೇಲೆ ಪ್ಲೇಸ್‌ಮೆಂಟ್ ಟೆಸ್ಟ್ ಹಾಕಿ ಹಳೇ ಆಲ್ಜಿಬ್ರಾ ಕ್ಲಾಸಿಗೆ ತಳ್ಳೋ ಪದ್ಧತಿ ಹೋಯ್ತು, ಸೈನ್ಸ್ ಮೇಜರ್ ಅಂದ್ರೆ ಬಹುಪಾಲು ನೇರ ಕ್ಯಾಲ್ಕುಲಸ್ಸಿಗೇ ಕೂರಿಸ್ತಾರೆ. ಬಾಗಿಲು ತೆಗೆದಿದೆ ಅಂತ ಹಂಗೇ ನುಗ್ಬೇಡಿ. ಸೆಕೆಂಡ್ ಪಿಯುಸಿ ಮ್ಯಾಥ್ಸ್ ಪುಸ್ತಕ ಎನ್‌ಸಿಇಆರ್‌ಟಿ ಸೈಟಲ್ಲಿ ಫ್ರೀ ಪಿಡಿಎಫ್ ಇದೆ, ಸೇರೋಕೆ ಮುಂಚೆ ಎರಡು ಮೂರು ತಿಂಗಳು ಅದ್ರ ಡಿಫರೆನ್ಷಿಯೇಷನ್, ಇಂಟಿಗ್ರೇಷನ್ ಲೆಕ್ಕ ಮಾಡಿ. ಫಸ್ಟ್ ಪಿಯುಸಿದು ಟ್ರಿಗ್ನಾಮೆಟ್ರಿ ಕೂಡ. ಕ್ಯಾಲ್ಕುಲಸಲ್ಲಿ ಜನ ಮುಗ್ಗರಿಸೋದು ಕ್ಯಾಲ್ಕುಲಸ್ಸಿಂದ ಅಲ್ಲ, ಸೈನ್ ಕಾಸ್ ಸೂತ್ರ ಮತ್ತು ಭಿನ್ನರಾಶಿ ಆಲ್ಜಿಬ್ರಾದಿಂದ. ಫಿಸಿಕ್ಸಿಗೆ ರೈಸ್ ಯೂನಿವರ್ಸಿಟಿಯ ಓಪನ್‌ಸ್ಟ್ಯಾಕ್ಸ್ ಪುಸ್ತಕ ಫ್ರೀ ಇದೆ, ಎಷ್ಟೋ ಕಾಲೇಜಲ್ಲಿ ಅದೇ ಟೆಕ್ಸ್ಟ್‌ಬುಕ್ಕು.

ಸೀಟು, ಗ್ರೇಡು, ಡ್ರಾಪ್

ಹೊಸ ಪಾರ್ಟ್ ಟೈಮ್ ಸ್ಟೂಡೆಂಟಿಗೆ ರಿಜಿಸ್ಟ್ರೇಷನ್ ದಿನಾಂಕ ಲೇಟಾಗಿ ಬರುತ್ತೆ. ಓರಿಯಂಟೇಷನ್ ಮುಗ್ಸಿ ಕೌನ್ಸೆಲರ್ ಜೊತೆ ಎಜುಕೇಷನ್ ಪ್ಲಾನ್ ಮಾಡ್ಸಿಟ್ರೆ ಸ್ವಲ್ಪ ಮುಂದೆ ಬರುತ್ತೆ, ಹಾಗಾಗಿ ಅದನ್ನ ಅಸಡ್ಡೆ ಮಾಡ್ಬೇಡಿ. ಕೌನ್ಸೆಲರ್ ಹತ್ರ ಖಾಲಿ ಕೈಲಿ ಹೋಗ್ಬೇಡಿ, ಅಸಿಸ್ಟ್ ಪಿಡಿಎಫ್ ಮತ್ತು ನಿಮ್ಮದೇ ಟೇಬಲ್ ತಗೊಂಡು ಹೋಗಿ 'ಇದ್ರಲ್ಲಿ ತಪ್ಪು ಎಲ್ಲಿದೆ ತೋರ್ಸಿ' ಅನ್ನಿ. ಕ್ಲಾಸ್ ಫುಲ್ ಆಗಿದ್ರೆ ವೇಯ್ಟ್‌ಲಿಸ್ಟಲ್ಲಿ ನಿಂತು ಮೊದಲ ದಿನ ತಪ್ಪದೇ ಹೋಗಿ ಕೂತ್ಕೊಳ್ಳಿ, ಬರದೇ ಇರೋರನ್ನ ತೆಗೆದು ಬಂದಿರೋರಿಗೆ ಆಡ್ ಕೋಡ್, ಅಂದ್ರೆ ಕ್ಲಾಸಿಗೆ ಸೇರ್ಕೊಳ್ಳೋಕೆ ಬೇಕಾದ ಕೋಡ್, ಕೊಡ್ತಾರೆ.

ಮೇಜರ್ ಕೋರ್ಸ್ ಎಲ್ಲಾ ಲೆಟರ್ ಗ್ರೇಡಿಗೇ ತಗೊಳ್ಳಿ, ಪಾಸ್ ನೋ ಪಾಸ್ ಬೇಡ. ಸೆಮಿಸ್ಟರ್ ಶುರುವಿನ ಒಂದೆರಡು ವಾರದೊಳಗೆ ಬಿಟ್ರೆ ರೆಕಾರ್ಡಲ್ಲಿ ಏನೂ ಉಳಿಯಲ್ಲ, ಆಮೇಲೆ ಬಿಟ್ರೆ 'ಡಬ್ಲ್ಯೂ' (ವಿತ್‌ಡ್ರಾ, ಅಂದ್ರೆ ನಡುವೆ ಬಿಟ್ರು ಅನ್ನೋ ಗುರ್ತು) ಬೀಳುತ್ತೆ. ಒಂದೇ ಕೋರ್ಸಿಗೆ 'ಡಬ್ಲ್ಯೂ', ಫೇಲ್ ಎಲ್ಲಾ ಸೇರಿ ಮೂರು ಸಲ ಮಾತ್ರ ಕೂರ್ಬಹುದು. ಸಿ ಬಂದ್ರೆ ಬಿ ಮಾಡ್ಕೊಳ್ಳೋಣ ಅಂತ ಮತ್ತೆ ತಗೊಳ್ಳೋಕೆ ಬಿಡಲ್ಲ. ಅದಕ್ಕೇ ಮೊದಲ ಮಿಡ್‌ಟರ್ಮ್ ಪೂರ್ತಿ ಕೈಕೊಟ್ರೆ ಹಠ ಹಿಡಿಯೋದಕ್ಕಿಂತ ಒಂದು 'ಡಬ್ಲ್ಯೂ' ತಗೊಂಡು ಮುಂದಿನ ಸೆಮಿಸ್ಟರ್ ನೆಟ್ಟಗೆ ಮಾಡೋದು ವಾಸಿ.

ದುಡ್ಡು

ನಿಮ್ಮ ಕಂಪನೀಲಿ ಟ್ಯೂಷನ್ ರೀಇಂಬರ್ಸ್‌ಮೆಂಟ್ ಇದ್ಯಾ ಎಚ್‌ಆರ್ ಹತ್ರ ಕೇಳಿ, ವರ್ಷಕ್ಕೆ 5,250 ಡಾಲರ್ ತನಕ ಕಂಪನಿ ಕೊಟ್ರೂ ಟ್ಯಾಕ್ಸ್ ಬೀಳಲ್ಲ, ಕಮ್ಯುನಿಟಿ ಕಾಲೇಜಿಗೆ ಅದು ಬೇಕಾದಷ್ಟಾಯ್ತು. ಲೈಫ್‌ಟೈಮ್ ಲರ್ನಿಂಗ್ ಕ್ರೆಡಿಟ್ ಅಂತ ಟ್ಯಾಕ್ಸಲ್ಲಿ ಖರ್ಚಿನ 20 ಪರ್ಸೆಂಟ್ ವಾಪಸ್ ಬರೋದೂ ಇದೆ, ಪಾರ್ಟ್ ಟೈಮಿಗೂ ನಡಿಯುತ್ತೆ, ಆದ್ರೆ ಗಂಡ ಹೆಂಡ್ತಿ ಇಬ್ರ ಆದಾಯ ಸೇರಿ 1,80,000 ಡಾಲರ್ ದಾಟಿದ್ರೆ ಇಲ್ಲ, ಬೇ ಏರಿಯಾದಲ್ಲಿ ಇಬ್ರೂ ಟೆಕ್ಕಿಗಳಾದ್ರೆ ಅದನ್ನ ಮರೆತುಬಿಡಿ. ಗ್ರೀನ್ ಕಾರ್ಡ್ ಅಥವಾ ಸಿಟಿಜನ್‌ಶಿಪ್ ಇದ್ದು ಆದಾಯ ಕಮ್ಮಿ ಇದ್ರೆ ಕಾಲೇಜ್ ಪ್ರಾಮಿಸ್ ಗ್ರಾಂಟಲ್ಲಿ ಯೂನಿಟ್ ಫೀಸೇ ಮಾಫ್, ಒಂದೇ ಕೋರ್ಸ್ ತಗೊಂಡ್ರೂ ಸಿಗುತ್ತೆ.

ಟ್ರಾನ್ಸ್‌ಫರ್ ವರ್ಷ ಮತ್ತು ಅದರಾಚೆ

ದಿನಾಂಕಗಳು ಬಹಳ ಮುಂಚೆ ಬರ್ತವೆ. ಮುಂದಿನ ವರ್ಷದ ಫಾಲಿಗೆ ಹೋಗ್ಬೇಕಂದ್ರೆ ಈ ವರ್ಷದ ಅಕ್ಟೋಬರ್, ನವೆಂಬರಲ್ಲೇ ಯೂಸಿ, ಸಿಎಸ್‌ಯು ಅಪ್ಲಿಕೇಶನ್ ಹಾಕ್ಬೇಕು. ಯೂಸಿಲಿ ಡೇವಿಸ್, ಅರ್ವೈನ್, ಮರ್ಸೆಡ್, ರಿವರ್‌ಸೈಡ್, ಸ್ಯಾಂಟಾ ಬಾರ್ಬರಾ, ಸ್ಯಾಂಟಾ ಕ್ರೂಜ್ ಈ ಆರು ಕ್ಯಾಂಪಸ್ 'ಟ್ಯಾಗ್' ಅನ್ನೋ ಅಡ್ಮಿಷನ್ ಗ್ಯಾರಂಟಿ ಕೊಡ್ತಾವೆ, ಅದನ್ನ ಸೆಪ್ಟೆಂಬರ್ 1ರಿಂದ 30ರೊಳಗೆ ಹಾಕ್ಬೇಕು, ಒಂದೇ ಕ್ಯಾಂಪಸ್ಸಿಗೆ. ಬರ್ಕ್ಲಿ, ಯೂಸಿಎಲ್‌ಎ, ಸ್ಯಾನ್ ಡಿಯಾಗೋಲಿ ಟ್ಯಾಗ್ ಇಲ್ಲ. ಸಿಎಸ್‌ಯುಗೆ ಆದ್ರೆ 'ಅಸೋಸಿಯೇಟ್ ಡಿಗ್ರಿ ಫಾರ್ ಟ್ರಾನ್ಸ್‌ಫರ್' (ಕಮ್ಯುನಿಟಿ ಕಾಲೇಜೇ ಕೊಡೋ ಎರಡು ವರ್ಷದ ಡಿಗ್ರಿ) ಫಿಸಿಕ್ಸಲ್ಲಿ ಇರೋ ಕಾಲೇಜು ಆರಿಸ್ಕೊಳ್ಳಿ, ಅದು ಮುಗ್ಸಿದ್ರೆ ಸಿಎಸ್‌ಯು ಸಿಸ್ಟಮಲ್ಲಿ ಒಂದು ಸೀಟು ಖಾತ್ರಿ, ಇಂಥದ್ದೇ ಕ್ಯಾಂಪಸ್ ಅಂತ ಖಾತ್ರಿ ಇಲ್ಲ.

ಈಗ ಯಾರೂ ಮುಂಚೆ ಹೇಳದ ವಿಷ್ಯ. ಮೂರನೇ ವರ್ಷದ ಫಿಸಿಕ್ಸು, ಅಂದ್ರೆ ಕ್ವಾಂಟಮ್ಮು, ಸ್ಟಾಟಿಸ್ಟಿಕಲ್ ಮೆಕ್ಯಾನಿಕ್ಸು, ಅಡ್ವಾನ್ಸ್ಡ್ ಲ್ಯಾಬು, ಇವು ಸಾಮಾನ್ಯವಾಗಿ ಹಗಲಲ್ಲೇ, ಎಷ್ಟೋ ಕಡೆ ವರ್ಷಕ್ಕೆ ಒಂದೇ ಸಲ. ಸಂಜೆ ಕಾಲೇಜಿನ ಆರಾಮು ಅಲ್ಲಿಗೆ ಮುಗೀತು. ಸಿಎಸ್‌ಯುಲಿ 6 ಯೂನಿಟ್ ಅಥವಾ ಅದಕ್ಕಿಂತ ಕಮ್ಮಿ ತಗೊಳ್ಳೋರಿಗೆ ಬೇರೆ ಕಡಿಮೆ ಫೀಸಿದೆ, ಪಾರ್ಟ್ ಟೈಮ್ ಓದೋರೂ ಬಹಳ ಜನ. ಯೂಸಿಲಿ ಫುಲ್ ಟೈಮೇ ರೂಢಿ, ಕೆಲ್ಸ, ಸಂಸಾರ ಅಂತ ಕಾರಣ ಕೊಟ್ಟು ಪಾರ್ಟ್ ಟೈಮಿಗೆ ಒಪ್ಪಿಗೆ ಪಡೆದ್ರೆ ಟ್ಯೂಷನ್ ಅರ್ಧ ಆಗುತ್ತೆ, ಆದ್ರೆ ಕೇಳಿ ಪಡೀಬೇಕು. ಲೆಕ್ಕ ನೋಡಿ, ಉಳಿದ 60 ಯೂನಿಟ್ಟನ್ನ ಸೆಮಿಸ್ಟರಿಗೆ ಆರಾರು ಮಾಡಿದ್ರೆ ಐದು ವರ್ಷ, ಒಂಬತ್ತೊಂಬತ್ತು ಮಾಡಿದ್ರೆ ಮೂರೂವರೆ.

ಹಾಗಾಗಿ ಮ್ಯಾನೇಜರ್ ಹತ್ರ ಮಾತಾಡೋದನ್ನ ಟ್ರಾನ್ಸ್‌ಫರ್ ಲೆಟರ್ ಬರೋವರೆಗೆ ಮುಂದೂಡ್ಬೇಡಿ. ಮೇಲಿನ ಪ್ಲಾನಿನ ಮೂರನೇ ವರ್ಷದ ಹೊತ್ತಿಗೇ, ಅಂದ್ರೆ ಎಲೆಕ್ಟ್ರಿಸಿಟಿ ಕೋರ್ಸ್ ಪಾಸಾಗಿ ಇದು ನಿಮ್ಮ ಕೈಲಾಗುತ್ತೆ ಅಂತ ಗೊತ್ತಾದ್ಮೇಲೆ, ವಾರಕ್ಕೆ ಎರಡು ದಿನ ಬೆಳಗ್ಗೆ ಹತ್ತರಿಂದ ಹನ್ನೆರಡು ಬಿಡುವು ಸಿಗುತ್ತಾ, ಬೇಗ ಶುರು ಮಾಡಿ ತಡವಾಗಿ ಮುಗಿಸೋ ಶಿಫ್ಟ್ ಆಗುತ್ತಾ ಕೇಳಿ. ಎಚ್1ಬಿ ನಲ್ಲಿರೋರು ಗಂಟೆ ಕಮ್ಮಿ ಮಾಡಿ ಪಾರ್ಟ್ ಟೈಮ್ ಕೆಲ್ಸಕ್ಕೆ ಇಳಿಯೋ ಮಾತಿದ್ರೆ ಮೊದ್ಲು ಕಂಪನಿ ಲಾಯರ್ ಹತ್ರ ಹೋಗಿ, ಪಿಟಿಷನ್ನೇ ಬದಲಿಸ್ಬೇಕಾಗುತ್ತೆ. ಟಾರ್ಗೆಟ್ ಯೂನಿವರ್ಸಿಟಿಯ ಫಿಸಿಕ್ಸ್ ಡಿಪಾರ್ಟ್‌ಮೆಂಟಿನ ಅಡ್ವೈಸರಿಗೂ ಆಗ್ಲೇ ಒಂದು ಇಮೇಲ್ ಹಾಕಿ, ಮುಂದಿನ ಎರಡು ವರ್ಷ ಯಾವ ಕೋರ್ಸ್ ಯಾವ ಸೆಮಿಸ್ಟರ್ ಯಾವ ಹೊತ್ತಿಗೆ ಇರುತ್ತೆ ಅಂತ ಕೇಳಿ. ಬಹಳ ಕಡೆ ಅದರ ಟೇಬಲ್ ಅವರ ಹತ್ರ ರೆಡಿ ಇರುತ್ತೆ.